ಯಾರೊಡನೆ ಯಾರು ಆಡಬೇಕು?

ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಆಟೋಟಗಳ ವಿಷಯ ಬಂದರೆ ಗೆದ್ದ ಪಂದ್ಯಗಳ ವರದಿ, ಪಡೆದ ಕಪ್ಪುಗಳ ಪಟ್ಟಿ, ತಂಡದ ಭಾವಚಿತ್ರ, ಇಷ್ಟು ಇರುವುದು ವಾಡಿಕೆ. ನಾನು ಇಲ್ಲಿ ಬರೆಯಹೊರಟಿರುವುದು ಆಟ ಪ್ರಾರಂಭವಾಗುವುದಕ್ಕೆ ಮೊದಲೇ ಒಂದು ಕೋಣೆಯಲ್ಲಿ, ಕಾಗದದ ಮೇಲೆ ಮುಗಿದುಹೋಗುವ ಕೆಲಸವನ್ನು ಕುರಿತು. ಯಾವ ಕಾಲೇಜು ಯಾವ ಗುಂಪಿನಲ್ಲಿರಬೇಕು, ಯಾರು ಯಾರೊಡನೆ ಮೊದಲು ಆಡಬೇಕು ಎಂದು ನಿರ್ಧರಿಸುವ ಕೆಲಸವದು. ನೋಡುವವರಿಗೆ ಅದು ಬರಿಯ ಗುಮಾಸ್ತಿಕೆಯಂತೆ ಕಾಣುತ್ತದೆ. ಆದರೆ ಆಟಗಾರನ ಪಾಲಿಗೆ ಅರ್ಧ ಆಟ ಅಲ್ಲಿಯೇ ಮುಗಿದಿರುತ್ತದೆ. ಈ ಮಾತು ನನಗೆ ಹೊಳೆದದ್ದು ಪುಸ್ತಕದಿಂದಲ್ಲ, ಅನುಭವದಿಂದ. ಆ ಅನುಭವವನ್ನು ಮೊದಲು ಹೇಳಿ ಅನಂತರ ವಿಷಯಕ್ಕೆ ಬರುತ್ತೇನೆ.

ನಾನು ಅಫಜಲಪುರ ತಾಲೂಕಿನ ಹಳ್ಳಿಯವನು. ವ್ಯಾಸಂಗಕ್ಕಾಗಿ ಕಲಬುರಗಿಗೆ ಬಂದು ನಮ್ಮ ಕಾಲೇಜಿನ ಕಬಡ್ಡಿ ತಂಡದಲ್ಲಿ ಸೇರಿದವನು. ಕಳೆದ ವರ್ಷ ಅಂತರ ಕಾಲೇಜು ಪಂದ್ಯಗಳಲ್ಲಿ ನಮ್ಮ ಮೊದಲ ಪಂದ್ಯ ತಾಲೂಕು ಕೇಂದ್ರದ ಒಂದು ಕಾಲೇಜಿನೊಡನೆ ಬಿದ್ದಿತು. ಆ ತಂಡದಲ್ಲಿ ನನ್ನ ಚಿಕ್ಕಪ್ಪನ ಮಗನಿದ್ದ. ಅವರು ಕತ್ತಲಿರುವಾಗಲೇ ಎದ್ದು, ಮೊದಲ ಬಸ್ಸು ಹಿಡಿದು, ನಿಂತುಕೊಂಡೇ ಪ್ರಯಾಣ ಮಾಡಿ ಬಂದಿದ್ದರು. ಬಂದು ಮೈ ಬಿಸಿ ಮಾಡಿಕೊಳ್ಳುವಷ್ಟರಲ್ಲಿ ಸೀಟಿ ಊದಿಯಾಗಿತ್ತು. ಇಪ್ಪತ್ತು ನಿಮಿಷದ ಎರಡು ಅವಧಿ, ನಡುವೆ ಐದು ನಿಮಿಷ ವಿರಾಮ. ಮುಕ್ಕಾಲು ಗಂಟೆಯಲ್ಲಿ ಎಲ್ಲವೂ ಮುಗಿಯಿತು. ನಾವು ಗೆದ್ದೆವು. ಅವರು ಮೈದಾನದ ಅಂಚಿನ ಬೇವಿನ ಮರದ ಕೆಳಗೆ ಕುಳಿತು ಜೋಳದ ರೊಟ್ಟಿ, ಶೇಂಗಾ ಹಿಂಡಿಯ ಗಂಟು ಬಿಚ್ಚಿದರು. ನಾನು ಹೋಗಿ ತಮ್ಮನ ಹತ್ತಿರ ಕುಳಿತೆ.

“ಅಣ್ಣಾ, ಹದಿನೈದು ದಿನ ಮುಂಜಾನೆದ್ದು ಬೆವರು ಸುರಿಸೀವಿ. ಒಂದೇ ಆಟಕ್ಕ ಮುಗೀತು ನೋಡು. ಇನ್ನ ಮುಂದಿನ ವರ್ಷಾನೇ” ಎಂದ.

“ಇನ್ನೊಂದು ಮ್ಯಾಚ್ ಇದ್ದಿದ್ದರ ಗೆಲ್ತಿದ್ರೇನು?” ಎಂದು ಕೇಳಿದೆ.

“ಗೆಲ್ಲೋದು ಬ್ಯಾರೆ ಮಾತು. ಮೊದಲನೇ ಮ್ಯಾಚಿನಾಗ ಬರೀ ಎದಿ ಹೊಡ್ಕೋತದ. ಎರಡನೇದರಾಗ ಆಟ ಬರ್ತದ. ಆ ಎರಡನೇದು ನಮಗ ಬರೋದೇ ಇಲ್ಲ.”

ಮಧ್ಯಾಹ್ನದ ಬಸ್ಸಿಗೆ ಅವರು ಹೊರಟುಹೋದರು. ಅವರ ಕಾಲೇಜಿನ ವಿದ್ಯಾರ್ಥಿನಿಯರ ಖೋಖೋ ತಂಡ ಆ ದಿನ ಬರಲೇ ಇಲ್ಲ. ಸಂಜೆಯೊಳಗೆ ಮನೆ ಸೇರುವ ಭರವಸೆ ಇರಲಿಲ್ಲವಂತೆ. ಗೆದ್ದ ಸಂತೋಷದ ಜೊತೆಗೆ ತಮ್ಮನ ಮಾತು ನನ್ನ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿಯಿತು. ತಪ್ಪು ಯಾರದು? ಪಂದ್ಯ ನಡೆಸಿದವರು ನಿಯಮದಂತೆಯೇ ನಡೆಸಿದ್ದರು. ಚೀಟಿ ಎತ್ತಿದ್ದರು, ಹೆಸರು ಬಂದಿತ್ತು. ಹಾಗಾದರೆ ಆ ನಿಯಮವನ್ನೇ ಸ್ವಲ್ಪ ಹತ್ತಿರದಿಂದ ನೋಡಬೇಕಾಯಿತು.

ಮೊದಲು ಲೆಕ್ಕ. ಹದಿನಾರು ಕಾಲೇಜುಗಳು ಬಂದವೆಂದು ಇಟ್ಟುಕೊಳ್ಳೋಣ. ಸೋತವರು ಮನೆಗೆ ಎಂಬ ಪದ್ಧತಿಗೆ ನಾಕೌಟ್ ಎನ್ನುತ್ತೇವೆ. ಒಂದೊಂದು ಪಂದ್ಯದಲ್ಲಿ ಒಂದೊಂದು ತಂಡ ಹೊರಬೀಳುವುದರಿಂದ, ಕೊನೆಗೆ ಒಂದೇ ತಂಡ ಉಳಿಯಲು 15 ಪಂದ್ಯಗಳು ಸಾಕು. ಖರ್ಚು ಕಡಿಮೆ, ದಿನ ಕಡಿಮೆ. ಆದರೆ ಹದಿನಾರರಲ್ಲಿ ಎಂಟು ತಂಡಗಳು, ಅಂದರೆ ಸರಿಯಾಗಿ ಅರ್ಧ, ಒಂದೇ ಪಂದ್ಯವಾಡಿ ಹಿಂದಿರುಗುತ್ತವೆ. ಇದಕ್ಕೆ ವಿರುದ್ಧವಾದದ್ದು ಲೀಗ್ ಪದ್ಧತಿ: ಎಲ್ಲರೂ ಎಲ್ಲರೊಡನೆಯೂ ಆಡುವುದು. ಹದಿನಾರು ತಂಡಗಳಿಗೆ ಅದು 120 ಪಂದ್ಯಗಳಾಗುತ್ತದೆ. ಅಷ್ಟು ಆಡಿಸುತ್ತಾ ಕುಳಿತರೆ ಪರೀಕ್ಷೆಗಳು ಬಂದು ಹೋಗಿರುತ್ತವೆ. ಇವೆರಡರ ನಡುವಿನ ದಾರಿಯೇ ಗುಂಪು ಮಾಡುವುದು. ನಾಲ್ಕು ನಾಲ್ಕು ತಂಡಗಳ ನಾಲ್ಕು ಗುಂಪು ಮಾಡಿದರೆ ಒಂದು ಗುಂಪಿನೊಳಗೆ 6 ಪಂದ್ಯ, ನಾಲ್ಕು ಗುಂಪಿಗೆ 24. ಗುಂಪಿಗೊಬ್ಬರಂತೆ ಗೆದ್ದ ನಾಲ್ವರಿಗೆ ಉಪಾಂತ್ಯ, ಅಂತಿಮ ಪಂದ್ಯಗಳು ಸೇರಿ ಮೂರು. ಒಟ್ಟು 27 ಪಂದ್ಯಗಳಲ್ಲಿ ಪ್ರತಿಯೊಂದು ತಂಡವೂ ಕನಿಷ್ಠ ಮೂರು ಸಲ ಅಂಗಳಕ್ಕೆ ಇಳಿಯುತ್ತದೆ.

ಇಲ್ಲಿಯವರೆಗೆ ಗಣಿತ. ಗುಂಪುಗಳನ್ನು ಯಾವ ಅಳತೆಯಿಂದ ಮಾಡಬೇಕು ಎಂಬ ಪ್ರಶ್ನೆ ಬಂದೊಡನೆ ಗಣಿತ ಹಿಂದೆ ಸರಿದು ಜಗಳ ಮುಂದೆ ಬರುತ್ತದೆ. ಹತ್ತಿರದವರನ್ನು ಕೂಡಿಸಬೇಕೆ? ಸಮಬಲದವರನ್ನೆ? ಹಿಂದಿನಿಂದಲೂ ಜೊತೆಗೆ ಆಡಿಕೊಂಡು ಬಂದವರನ್ನೆ? ಅಥವಾ ಹಣ ತರುವವರನ್ನೆ? ಈ ನಾಲ್ಕನ್ನೂ ಲೋಕ ಒಂದೊಂದು ಕಡೆ ಪ್ರಯೋಗ ಮಾಡಿ ನೋಡಿದೆ. ಕೆಲವು ನಿದರ್ಶನಗಳನ್ನು ಗಮನಿಸುವುದು ಉಪಯುಕ್ತ.

ಇಂಗ್ಲೆಂಡಿನ ಕಾಲ್ಚೆಂಡಿನಾಟದಲ್ಲಿ 1921ರಿಂದ 1958ರವರೆಗೆ ಮೂರನೆಯ ದರ್ಜೆಯನ್ನು ಉತ್ತರ, ದಕ್ಷಿಣ ಎಂದು ಎರಡು ಮಾಡಿದ್ದರು. ಮೇಲಿನ ದರ್ಜೆಯ ಶ್ರೀಮಂತ ಸಂಘಗಳು ದೇಶದ ತುಂಬ ಓಡಾಡಬಲ್ಲವು, ಕೆಳಗಿನ ಸಣ್ಣ ಊರಿನ ಸಂಘಗಳಿಗೆ ಪ್ರಯಾಣದ ಖರ್ಚು ಭಾರ ಎಂಬುದೇ ಅಲ್ಲಿನ ವಿಚಾರ. 1958ರಲ್ಲಿ ಅದನ್ನು ಮುರಿದು, ಎರಡೂ ಭಾಗಗಳ ಮೇಲಿನ ಅರ್ಧವನ್ನು ಮೂರನೆಯ ದರ್ಜೆ, ಕೆಳಗಿನ ಅರ್ಧವನ್ನು ನಾಲ್ಕನೆಯ ದರ್ಜೆ ಎಂದು ಮಾಡಿದರು. ಅಂದರೆ ದೂರದ ಅಳತೆಯನ್ನು ಬಿಟ್ಟು ಬಲದ ಅಳತೆಯನ್ನು ಹಿಡಿದರು.

ನಮ್ಮ ದೇಶದ ರಣಜಿ ಟ್ರೋಫಿಯ ಕಥೆಯೂ ಹೀಗೆಯೇ. 1934–35ರಲ್ಲಿ ಆರಂಭವಾದ ಈ ಪಂದ್ಯಾವಳಿಯಲ್ಲಿ ತಂಡಗಳನ್ನು ವಲಯಗಳಾಗಿ ಹಂಚಿದ್ದರು. ದೇಶ ದೊಡ್ಡದು, ರೈಲು ಪ್ರಯಾಣ ದೀರ್ಘ, ಆದುದರಿಂದ ನೆರೆಯವರು ನೆರೆಯವರೊಡನೆ ಆಡುವುದು ಸಹಜವಾಗಿತ್ತು. ಆದರೆ 1958–59ರಿಂದ 1972–73ರವರೆಗೆ ಮುಂಬಯಿ ತಂಡ ಸತತವಾಗಿ ಹದಿನೈದು ವರ್ಷ ಗೆದ್ದಿತು. ವಲಯಕ್ಕೆ ಒಂದೇ ತಂಡ ಮುಂದೆ ಹೋಗುತ್ತಿದ್ದ ವರ್ಷಗಳಲ್ಲಿ ಮುಂಬಯಿಯ ಪಕ್ಕದ ಮನೆಯವರಾದ ಗುಜರಾತ್, ಬರೋಡಾ, ಮಹಾರಾಷ್ಟ್ರ ತಂಡಗಳ ಗತಿಯೇನು? ಬೇರೆ ವಲಯದಲ್ಲಿದ್ದಿದ್ದರೆ ದೂರ ಹೋಗಬಹುದಾಗಿದ್ದ ತಂಡವೂ ಹೆಬ್ಬಾಗಿಲಲ್ಲೇ ನಿಲ್ಲಬೇಕಾಗಿತ್ತು. 1973–74ರಲ್ಲಿ ಮುಂಬಯಿಯ ಸರಪಳಿಯನ್ನು ಮುರಿದು ಪ್ರಶಸ್ತಿ ಗೆದ್ದದ್ದು ನಮ್ಮ ಕರ್ನಾಟಕ ಎಂಬುದನ್ನು ನೆನೆದು ಈಗಲೂ ಎದೆ ಉಬ್ಬುತ್ತದೆ. 2002–03ರಲ್ಲಿ ವಲಯಗಳನ್ನು ಕೈಬಿಟ್ಟು, ಬಲಾಬಲ ನೋಡಿ ಎಲೀಟ್, ಪ್ಲೇಟ್ ಎಂಬ ಗುಂಪುಗಳನ್ನು ಮಾಡಿದರು.

ಮೂರನೆಯ ನಿದರ್ಶನ ಅಮೆರಿಕದ ಕಾಲೇಜುಗಳದು. ಅಲ್ಲಿನ ಫುಟ್‌ಬಾಲ್ ನಮ್ಮ ಕಾಲ್ಚೆಂಡಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಆಟ. ಅಲ್ಲಿ ವಿಶ್ವವಿದ್ಯಾಲಯಗಳು ತಾವೇ ಕೂಡಿ ಕಾನ್ಫರೆನ್ಸ್ ಎಂಬ ಬಳಗಗಳನ್ನು ಕಟ್ಟಿಕೊಳ್ಳುತ್ತವೆ. 1896ರಲ್ಲಿ ಏಳು ವಿಶ್ವವಿದ್ಯಾಲಯಗಳು ಕಟ್ಟಿದ ಬಳಗವೇ ಮುಂದೆ ಬಿಗ್ ಟೆನ್, ಅಂದರೆ ದೊಡ್ಡ ಹತ್ತು, ಎಂದು ಹೆಸರಾಯಿತು. ಆ ಹತ್ತರಲ್ಲಿ 2024ರಿಂದ ಹದಿನೆಂಟು ಸದಸ್ಯರಿದ್ದಾರೆ. ಪೂರ್ವದ ನ್ಯೂಜರ್ಸಿಯಿಂದ ಪಶ್ಚಿಮದ ಕ್ಯಾಲಿಫೋರ್ನಿಯದವರೆಗೆ ಒಂದೇ ಬಳಗ! ಪಶ್ಚಿಮ ತೀರದಲ್ಲಿ ಹನ್ನೆರಡು ಸದಸ್ಯರಿದ್ದ ಪ್ಯಾಕ್–12 ಎಂಬ ಹಳೆಯ ಬಳಗದಿಂದ ಅದೇ ವರ್ಷ ಹತ್ತು ಮಂದಿ ಎದ್ದುಹೋದರು. ಹಾಗೆ ಹೋದವರಲ್ಲಿ ಪೆಸಿಫಿಕ್ ಸಾಗರದ ಕಡೆಯ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಸೇರಿದ್ದು ಅಟ್ಲಾಂಟಿಕ್ ತೀರದ ಹೆಸರು ಹೊತ್ತ ಬಳಗವನ್ನು. ಕಾರಣ ಗುಟ್ಟೇನಲ್ಲ. ಪಂದ್ಯಗಳನ್ನು ಟೆಲಿವಿಷನ್ನಿನಲ್ಲಿ ತೋರಿಸುವ ಹಕ್ಕಿಗೆ ಕೋಟಿ ಕೋಟಿ ಡಾಲರು ಬರುತ್ತದೆ. ದೊಡ್ಡ ಹೆಸರುಗಳು ಒಂದೆಡೆ ಸೇರಿದಷ್ಟೂ ಹಣ ಹೆಚ್ಚು. ಫುಟ್‌ಬಾಲ್ ತಂಡ ವಾರಕ್ಕೊಮ್ಮೆ ವಿಮಾನದಲ್ಲಿ ಹೋಗಿ ಬರಬಹುದು. ಅದೇ ಕಾಲೇಜಿನ ವಾಲಿಬಾಲ್ ಹುಡುಗಿಯರು ಕೂಡ ತರಗತಿ ಬಿಟ್ಟು ಒಂದು ಸಾಗರದ ತೀರದಿಂದ ಇನ್ನೊಂದು ಸಾಗರದ ತೀರಕ್ಕೆ ಹಾರಬೇಕಾಯಿತು. ಹಣವನ್ನೇ ಅಳತೆಗೋಲು ಮಾಡಿಕೊಂಡರೆ ಭೂಗೋಳಶಾಸ್ತ್ರ ಹೇಗೆ ತಲೆಕೆಳಗಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಉತ್ತಮ ದೃಷ್ಟಾಂತ ಸಿಗಲಾರದು.

ಇನ್ನು ನಮ್ಮ ಮನೆಗೆ ಬರೋಣ. ಟೆಲಿವಿಷನ್ನಿನ ಹಣ ನಮ್ಮ ಕಬಡ್ಡಿ ಅಂಗಳಕ್ಕೆ ಬಂದಿಲ್ಲ. ಆದರೂ ನಮ್ಮ ಕಾಲೇಜುಗಳ ಗುಂಪು ಹಲವು ಸಲ ಬದಲಾಗಿದೆ. ಬದಲಾಯಿಸಿದ್ದು ಆಟವಲ್ಲ, ಆಡಳಿತ. ಹೈದರಾಬಾದ್ ಸಂಸ್ಥಾನದ ಕಾಲದಲ್ಲಿ ಈ ಭಾಗದ ಉಚ್ಚ ಶಿಕ್ಷಣಕ್ಕೆ 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯವೇ ಆಶ್ರಯ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದ ಮೇಲೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ. 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ ಹುಟ್ಟಿ, ಬೀದರಿನಿಂದ ಬಳ್ಳಾರಿಯವರೆಗಿನ ಕಾಲೇಜುಗಳು ಅದರ ಕೊಡೆಯ ಕೆಳಗೆ ಬಂದವು. 2010ರಲ್ಲಿ ಬಳ್ಳಾರಿಯಲ್ಲಿ ಹೊಸ ವಿಶ್ವವಿದ್ಯಾಲಯವಾಗಿ ಬಳ್ಳಾರಿ, ಕೊಪ್ಪಳ ಜಿಲ್ಲೆಗಳು ಬೇರೆಯಾದವು. 2021ರಲ್ಲಿ ರಾಯಚೂರು ವಿಶ್ವವಿದ್ಯಾಲಯದೊಡನೆ ರಾಯಚೂರು, ಯಾದಗಿರಿ ಹೋದವು. 2023ರಲ್ಲಿ ಬೀದರ್ ತನ್ನದೇ ವಿಶ್ವವಿದ್ಯಾಲಯ ಪಡೆಯಿತು. ಕೂಡು ಕುಟುಂಬದ ಅಣ್ಣತಮ್ಮಂದಿರು ಒಬ್ಬೊಬ್ಬರಾಗಿ ಬೇರೆ ಒಲೆ ಹೂಡಿದಂತಾಯಿತು. 2025ರಲ್ಲಿ ರಾಜ್ಯದ ಹೊಸ ವಿಶ್ವವಿದ್ಯಾಲಯಗಳಲ್ಲಿ ಕೆಲವನ್ನು ಮುಚ್ಚಿ ಮತ್ತೆ ಹಳೆಯವುಗಳಲ್ಲಿ ಸೇರಿಸುವ ಚರ್ಚೆಯೂ ನಡೆಯಿತು. ಅಂದರೆ ಈ ವಿಂಗಡಣೆ ಮುಗಿದ ಕಥೆಯಲ್ಲ.

ಒಂದೊಂದು ಸಲ ಗೆರೆ ಎಳೆದಾಗಲೂ ನಮ್ಮ ಎದುರಾಳಿಗಳು ಬದಲಾಗುತ್ತಾರೆ. ಇದರಲ್ಲಿ ಲಾಭವೂ ಉಂಟು. ಹಿಂದೆ ಬೀದರಿನ ತಂಡವೊಂದು ಬಳ್ಳಾರಿಗೆ ಹೋಗಬೇಕಾದರೆ ಎಷ್ಟು ದೂರ! ಈಗ ಆ ಪ್ರಯಾಣವಿಲ್ಲ. ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾಗಿ ‘ಯೂನಿವರ್ಸಿಟಿ ಬ್ಲೂ’ ಎನಿಸಿಕೊಳ್ಳುವ ಅವಕಾಶ ಹೆಚ್ಚು ಮಂದಿಗೆ ದೊರೆಯುತ್ತದೆ. ನಷ್ಟವೂ ಉಂಟು. ಅದನ್ನು ತಿಳಿಯಬೇಕಾದರೆ ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲೂಕುಗಳನ್ನು ನೋಡಬೇಕು.

ನಾನು ಒಂದು ದಿನ ಭೂಪಟದ ಮೇಲೆ ಅಳತೆಪಟ್ಟಿ ಇಟ್ಟು ನೇರ ರೇಖೆಯಲ್ಲಿ ಅಳೆದು ನೋಡಿದೆ. ಆಳಂದದಿಂದ ಕಲಬುರಗಿ ಸುಮಾರು 38 ಕಿಲೋಮೀಟರು. ಆದರೆ ಮಹಾರಾಷ್ಟ್ರದ ಉಮರ್ಗಾ ಸುಮಾರು 30. ಅಕ್ಕಲಕೋಟೆ ಕಲಬುರಗಿಯಷ್ಟೇ ದೂರ. ಅಫಜಲಪುರದಿಂದ ಕಲಬುರಗಿ ಸುಮಾರು 50. ಆದರೆ ಭೀಮೆಯ ಆಚೆಯ ಸಿಂದಗಿ ಸುಮಾರು 35. ಜೇವರ್ಗಿಯಿಂದ ಕಲಬುರಗಿ ಎಷ್ಟೋ ಶಹಾಪುರವೂ ಹೆಚ್ಚುಕಡಿಮೆ ಅಷ್ಟೇ. ಈಗ ಈ ನೆರೆಯೂರುಗಳು ಯಾವ ಯಾವ ಮನೆಗೆ ಸೇರಿದವು ನೋಡಿ. ಅಕ್ಕಲಕೋಟೆಯ ಕಾಲೇಜುಗಳಿಗೆ ಸೊಲ್ಲಾಪುರ ವಿಶ್ವವಿದ್ಯಾಲಯ, ಉಮರ್ಗಾಕ್ಕೆ ಮರಾಠವಾಡ ವಿಶ್ವವಿದ್ಯಾಲಯ, ಸಿಂದಗಿಗೆ ಬೆಳಗಾವಿಯ ರಾಣಿ ಚೆನ್ನಮ್ಮ ವಿಶ್ವವಿದ್ಯಾಲಯ, ಶಹಾಪುರಕ್ಕೆ ಈಗ ರಾಯಚೂರು. ನಮ್ಮ ಮೂರು ತಾಲೂಕುಗಳೂ ಅಂಚಿನ ತಾಲೂಕುಗಳು. ಮೂರಕ್ಕೂ ಪಕ್ಕದ ಮನೆಯ ಗೋಡೆಯೇ ವಿಶ್ವವಿದ್ಯಾಲಯದ ಎಲ್ಲೆಗೋಡೆ. ಜೇವರ್ಗಿಯ ಹುಡುಗರು 2021ಕ್ಕೆ ಮೊದಲು ಶಹಾಪುರದವರೊಡನೆ ಒಂದೇ ವಿಶ್ವವಿದ್ಯಾಲಯದ ಪಂದ್ಯಗಳಲ್ಲಿ ಎದುರಾಗಬಹುದಾಗಿತ್ತು. ಈಗ ಅದು ಪರಸ್ಥಳ.

ಇನ್ನೊಂದು ವಿನೋದ. ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ 2009ರಲ್ಲಿ ಸ್ಥಾಪನೆಯಾಗಿ ಈಗ ಆಳಂದ ತಾಲೂಕಿನ ಕಡಗಂಚಿಯಲ್ಲಿದೆ. ಆಳಂದದ ವಿದ್ಯಾರ್ಥಿ ಕಲಬುರಗಿಗೆ ಪಂದ್ಯವಾಡಲು ಬರುವಾಗ ಆ ವಿಶಾಲ ಆವರಣವನ್ನು ಬಸ್ಸಿನ ಕಿಟಕಿಯಿಂದ ನೋಡುತ್ತಾ ಬರುತ್ತಾನೆ. ಆದರೆ ಆಳಂದದ ಕಾಲೇಜು ಅದರ ಅಧೀನದ್ದಲ್ಲ. ಅಂತರ ಕಾಲೇಜು ಪಂದ್ಯದಲ್ಲಿ ಅವರಿಬ್ಬರೂ ಎದುರಾಗುವುದಿಲ್ಲ.

ಮೇಲಿನ ಹಂತದಲ್ಲೂ ಇದೇ ಗೆರೆ ಮುಂದುವರಿಯುತ್ತದೆ. ಭಾರತೀಯ ವಿಶ್ವವಿದ್ಯಾಲಯಗಳ ಸಂಘವು ದೇಶದ ವಿಶ್ವವಿದ್ಯಾಲಯಗಳನ್ನು ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ ಎಂದು ನಾಲ್ಕು ವಲಯಗಳಾಗಿ ಮಾಡಿದೆ. ತಂಡದ ಆಟಗಳಲ್ಲಿ ಸಾಮಾನ್ಯವಾಗಿ ವಲಯದ ಮೊದಲ ನಾಲ್ಕು ತಂಡಗಳು ಅಖಿಲ ಭಾರತ ಹಂತಕ್ಕೆ ಹೋಗುತ್ತವೆ. ಕರ್ನಾಟಕ ದಕ್ಷಿಣ ವಲಯದಲ್ಲಿ, ಮಹಾರಾಷ್ಟ್ರ ಪಶ್ಚಿಮ ವಲಯದಲ್ಲಿ. ಆದುದರಿಂದ ನಮ್ಮ ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾದ ಆಳಂದದ ಹುಡುಗನೊಬ್ಬ ಕೇರಳಕ್ಕೋ ತಮಿಳುನಾಡಿನ ತುದಿಗೋ ಹೋಗಿ ಆಡಬಹುದು. ತನ್ನ ಊರಿನ ಸಂತೆಗೆ ಬರುವ ಅಕ್ಕಲಕೋಟೆಯ ಕಡೆಯ ಹುಡುಗನೊಡನೆ ಆಡಬೇಕಾದರೆ ಇಬ್ಬರೂ ಅಖಿಲ ಭಾರತ ಮಟ್ಟವನ್ನು ಮುಟ್ಟಬೇಕು! ಇನ್ನು ಕ್ರಿಕೆಟಿನವರ ನಕ್ಷೆ ಬೇರೆ. ರಾಜ್ಯ ಕ್ರಿಕೆಟ್ ಸಂಸ್ಥೆಯ ವಿಂಗಡಣೆಯಲ್ಲಿ ಕಲಬುರಗಿಯವರಾದ ನಾವು ರಾಯಚೂರು ವಲಯದವರು. ಒಂದೇ ಹುಡುಗ ಚೆಂಡು ಹಿಡಿದರೆ ರಾಯಚೂರಿನವನು, ಕಬಡ್ಡಿಗೆ ಇಳಿದರೆ ಅಲ್ಲ. ಇದರಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಈ ಗೆರೆಗಳು ಭೂಮಿಯ ಮೇಲೆ ಇರುವಂಥವಲ್ಲ. ಮನುಷ್ಯರು ಒಂದೊಂದು ಅನುಕೂಲಕ್ಕಾಗಿ ಎಳೆದಂಥವು. ಎಳೆದವರು ಅಳಿಸಿ ಬೇರೆ ಎಳೆಯಲೂಬಹುದು.

ಸಂಘದ ವಲಯಗಳನ್ನಾಗಲಿ ವಿಶ್ವವಿದ್ಯಾಲಯಗಳ ಎಲ್ಲೆಯನ್ನಾಗಲಿ ಬದಲಿಸುವುದು ನಮ್ಮಂಥ ವಿದ್ಯಾರ್ಥಿಗಳ ಕೈಯಲ್ಲಿಲ್ಲ. ಆದರೆ ನಮ್ಮ ವಿಶ್ವವಿದ್ಯಾಲಯದ ಒಳಗೆ ಮೊದಲ ಸುತ್ತಿನ ಪಂದ್ಯಗಳಿಗೆ ಗುಂಪು ಮಾಡುವ ವಿಷಯದಲ್ಲಿ ಸಲಹೆ ಕೊಡಬಹುದಷ್ಟೆ? ಇದು ಹೊಸ ಯೋಚನೆಯೇನಲ್ಲ. ಪುಣೆಯ ವಿಶ್ವವಿದ್ಯಾಲಯದಲ್ಲಿ ಪುಣೆ ನಗರ, ಪುಣೆ ಜಿಲ್ಲೆ, ಈಗ ಅಹಿಲ್ಯಾನಗರವೆನಿಸಿರುವ ಅಹಮದ್‌ನಗರ, ನಾಸಿಕ ಎಂದು ವಲಯಗಳನ್ನು ಮಾಡಿ, ಮೊದಲು ವಲಯದೊಳಗೆ ಆಡಿಸಿ ಅನಂತರ ವಲಯ ವಲಯಗಳನ್ನು ಆಡಿಸುವ ಪದ್ಧತಿ ಬೆಳೆದುಬಂದಿದೆ.

ಹಾಗಾದರೆ ಆಳಂದ, ಅಫಜಲಪುರ, ಜೇವರ್ಗಿ ಮೂರನ್ನೂ ಸೇರಿಸಿ ಪಶ್ಚಿಮದ ಒಂದು ಗುಂಪು ಮಾಡಿಬಿಟ್ಟರಾಯಿತು ಎಂದು ಯಾರಾದರೂ ಹೇಳಬಹುದು. ನಾನೂ ಮೊದಲು ಹಾಗೆಯೇ ಎಣಿಸಿದ್ದೆ. ಭೂಪಟದ ಮೇಲೆ ಮೂರೂ ಒಂದು ಪಟ್ಟಿಯಂತೆ ಚೆನ್ನಾಗಿ ಕಾಣುತ್ತವೆ. ಆದರೆ ಬಸ್ಸು ಭೂಪಟದ ಮೇಲೆ ಓಡುವುದಿಲ್ಲ. ಈ ಮೂರು ಪಟ್ಟಣಗಳಿಗೂ ರೈಲಿಲ್ಲ. ಆಳಂದದವನು ಜೇವರ್ಗಿಗೆ ಹೋಗಬೇಕಾದರೆ ಸಾಮಾನ್ಯವಾಗಿ ಕಲಬುರಗಿಯ ನಿಲ್ದಾಣದಲ್ಲಿ ಇಳಿದು ಬೇರೆ ಬಸ್ಸು ಹತ್ತುತ್ತಾನೆ; ಒಟ್ಟು ದಾರಿ ಎಂಬತ್ತು ಕಿಲೋಮೀಟರು. ನಮ್ಮ ಜಿಲ್ಲೆಯನ್ನು ಬಂಡಿಯ ಗಾಲಿಗೆ ಹೋಲಿಸಬಹುದು. ನಡುವಿನ ಗುಂಬ ಕಲಬುರಗಿ. ಸುತ್ತ ಹರಡಿದ ಅರಗಳು ದಾರಿಗಳು. ಒಂದು ಅರದ ತುದಿಯಿಂದ ಇನ್ನೊಂದು ಅರದ ತುದಿಗೆ ಹೋಗಲು ಗುಂಬಕ್ಕೆ ಬಂದೇ ಹೋಗಬೇಕು. ಆದುದರಿಂದ ಗುಂಪುಗಳನ್ನು ನೆರೆಹೊರೆಯ ತಾಲೂಕುಗಳೆಂದು ಸುತ್ತುಗಟ್ಟಿ ಮಾಡಬಾರದು. ದಾರಿ ಹಿಡಿದು ಮಾಡಬೇಕು. ಆಳಂದದ ದಾರಿಗೊಂದು ಗುಂಪು, ಅಫಜಲಪುರದ ದಾರಿಗೊಂದು, ಭೀಮೆಯ ಸೇತುವೆ ದಾಟಿ ಹೋಗುವ ಜೇವರ್ಗಿ, ಯಡ್ರಾಮಿಯ ದಾರಿಗೊಂದು. ಪೂರ್ವದ ಚಿತ್ತಾಪುರ, ಸೇಡಂ, ಚಿಂಚೋಳಿಯ ಕಡೆಗೆ ನಾಲ್ಕನೆಯದು.

ಹಾಗಿದ್ದರೆ ನಗರದ ಕಾಲೇಜುಗಳು? ಇಲ್ಲಿಯೇ ರಣಜಿ ಟ್ರೋಫಿಯ ಪಾಠ ನೆನಪಿಗೆ ಬರಬೇಕು. ಅಭ್ಯಾಸಕ್ಕೆ ಮೈದಾನ, ತರಬೇತಿಗೆ ಜನ, ವಸತಿ ನಿಲಯ, ಇವೆಲ್ಲ ಹೆಚ್ಚಾಗಿರುವುದು ನಗರದಲ್ಲಿ. ಹತ್ತಿರದವರು ಎಂಬ ಒಂದೇ ಕಾರಣದಿಂದ ನಗರದ ಬಲಿಷ್ಠ ತಂಡಗಳನ್ನೆಲ್ಲ ಒಂದೇ ಗುಂಪಿಗೆ ಹಾಕಿದರೆ ಅವು ತಮ್ಮತಮ್ಮಲ್ಲೇ ಹೊಡೆದಾಡಿ ಒಂದು ಮಾತ್ರ ಉಳಿಯುತ್ತದೆ. ಅದು ನಗರದವರಿಗೆ ಅನ್ಯಾಯ. ಹಾಗೆಂದು ಬಲವನ್ನೇ ನೋಡಿ ಬಲಿಷ್ಠರಿಗೊಂದು, ದುರ್ಬಲರಿಗೊಂದು ಪಂಕ್ತಿ ಮಾಡಿದರೆ ತಾಲೂಕಿನ ಹುಡುಗನಿಗೆ ಒಳ್ಳೆಯ ಆಟ ಎಂದರೇನು ಎಂಬುದೇ ತಿಳಿಯುವುದಿಲ್ಲ. ನಡುವಿನ ಉಪಾಯವೆಂದರೆ ನಗರದ ಕಾಲೇಜುಗಳನ್ನು ನಾಲ್ಕು ದಾರಿಗಳಿಗೂ ಹಂಚಿಬಿಡುವುದು. ನಗರ ಎಲ್ಲ ದಾರಿಗಳೂ ಕೂಡುವ ಜಾಗವಾದ್ದರಿಂದ ಅದರ ಕಾಲೇಜನ್ನು ಯಾವ ದಾರಿಗೆ ಹಾಕಿದರೂ ಅದಕ್ಕೆ ದೂರವಾಗುವುದಿಲ್ಲ. ಗಾಲಿಯ ಗುಂಬಕ್ಕೆ ಎಲ್ಲ ಅರಗಳೂ ಒಂದೇ ಸಮ.

ಈ ವ್ಯವಸ್ಥೆಯಲ್ಲಿ ಒಂದು ಮಾತು ನಮ್ಮ ಸಹಪಾಠಿಗಳಿಗೆ ಹಿಡಿಸದಿರಬಹುದು. ಮೊದಲ ಸುತ್ತಿನ ಪಂದ್ಯಗಳು ಕಲಬುರಗಿಯಲ್ಲಿ ನಡೆಯದೆ ಆಯಾ ದಾರಿಯ ತಾಲೂಕು ಕೇಂದ್ರದಲ್ಲಿ ನಡೆಯಬೇಕು. ಅಂದರೆ ಕತ್ತಲಿರುವಾಗ ಎದ್ದು ಬಸ್ಸು ಹತ್ತುವ ಸರದಿ ಈ ಸಲ ನಮ್ಮದು. ಆಳಂದಕ್ಕೋ ಜೇವರ್ಗಿಗೋ ಸುಮಾರು ನಲವತ್ತು ಕಿಲೋಮೀಟರು ಹೋಗಿ, ಅವರ ಊರಿನ ಜನ ಸುತ್ತ ನಿಂತು ಕೂಗುತ್ತಿರುವಾಗ, ಅವರ ಮಣ್ಣಿನಲ್ಲಿ ನಾವು ಆಡಬೇಕು. ಎರಡನೆಯ ಪಂದ್ಯದಲ್ಲಿ ಮಾತ್ರ ಆಟ ಬರುತ್ತದೆ ಎಂದ ನನ್ನ ತಮ್ಮನ ಮಾತಿನ ಅರ್ಥ ನಮಗೆ ಆಗ ಪೂರ್ತಿ ತಿಳಿಯುತ್ತದೆ.

ಇದಕ್ಕೆ ಆಕ್ಷೇಪಣೆಗಳು ಇಲ್ಲದಿಲ್ಲ. ನಾಲ್ಕು ಕಡೆ ಪಂದ್ಯವೆಂದರೆ ನಾಲ್ಕು ಕಡೆಗೂ ತೀರ್ಪುಗಾರರು ಬೇಕು, ಅಂಗಳ ಬೇಕು, ಊಟ ನೀರಿನ ಏರ್ಪಾಡು ಬೇಕು. ಒಂದೇ ದಿನ ಒಂದು ತಂಡ ಮೂರು ಪಂದ್ಯವಾಡುವುದು ಶ್ರಮದ ಕೆಲಸ. ಎರಡು ದಿನ ಮಾಡಿದರೆ ರಾತ್ರಿ ಉಳಿಯುವ ಪ್ರಶ್ನೆ ಮತ್ತೆ ಏಳುತ್ತದೆ. ಇವು ಅಲ್ಲಗಳೆಯುವ ಮಾತುಗಳಲ್ಲ. ಇಷ್ಟೂ ಸಾಧ್ಯವಿಲ್ಲವೆನ್ನುವವರಿಗೆ ಇನ್ನೂ ಅಗ್ಗದ ಉಪಾಯವೊಂದಿದೆ. ಪಂದ್ಯಗಳು ನಗರದಲ್ಲಿಯೇ, ನಾಕೌಟ್ ಪದ್ಧತಿಯಲ್ಲಿಯೇ ನಡೆಯಲಿ. ಆದರೆ ಮೊದಲ ಸುತ್ತಿನಲ್ಲಿ ಸೋತ ಎಂಟು ತಂಡಗಳಿಗೆ ತಮ್ಮತಮ್ಮಲ್ಲಿ ಒಂದೊಂದು ಪಂದ್ಯ ಅದೇ ದಿನ ಏರ್ಪಡಿಸಲಿ. ಕೂಡುವ ಪಂದ್ಯಗಳು ನಾಲ್ಕೇ. 15 ಇದ್ದದ್ದು 19 ಆಗುತ್ತದೆ. ಹದಿನಾರು ತಂಡಗಳಲ್ಲಿ ಒಂದಾದರೂ ಒಂದೇ ಪಂದ್ಯಕ್ಕೆ ಹಿಂದಿರುಗುವುದಿಲ್ಲ. ಇಷ್ಟಕ್ಕೂ ಅವಕಾಶವಿಲ್ಲದಷ್ಟು ಅವಸರ ನಮಗೆ ಯಾಕಿರಬೇಕು?

ಎರಡನೆಯ ಪಂದ್ಯದ ಮಹತ್ವ ಬರಿಯ ಮನಸ್ಸಂತೋಷದ್ದಲ್ಲ. ವಿಶ್ವವಿದ್ಯಾಲಯದ ತಂಡವನ್ನು ಆರಿಸುವವರು ಅಂಗಳದಲ್ಲಿ ಕಂಡದ್ದನ್ನು ನೋಡಿ ಆರಿಸುತ್ತಾರೆ. ಮುಕ್ಕಾಲು ಗಂಟೆ ಮಾತ್ರ ಕಣ್ಣಿಗೆ ಬಿದ್ದ ಹುಡುಗನ ಹೆಸರು ಅವರ ಪಟ್ಟಿಗೆ ಬರುವುದು ಹೇಗೆ? ಪಟ್ಟಿಗೆ ಬಾರದವನಿಗೆ ಪ್ರಮಾಣಪತ್ರವಿಲ್ಲ. ಪ್ರಮಾಣಪತ್ರವಿಲ್ಲದವನಿಗೆ ಮುಂದಿನ ವ್ಯಾಸಂಗಕ್ಕೂ ಕೆಲಸಕ್ಕೂ ಕ್ರೀಡಾಪಟುಗಳಿಗೆಂದು ಇರುವ ಬಾಗಿಲು ತೆರೆಯುವುದಿಲ್ಲ. ಒಕ್ಕಲುತನದ ಮನೆಯ ಹುಡುಗನಿಗೆ ಆ ಬಾಗಿಲು ಸಣ್ಣದಲ್ಲ.

ವಿದ್ಯಾರ್ಥಿನಿಯರ ವಿಷಯ ಇನ್ನೂ ಮುಖ್ಯ. 2023ರ ಜೂನ್ ತಿಂಗಳಲ್ಲಿ ಆರಂಭವಾದ ಶಕ್ತಿ ಯೋಜನೆಯಿಂದ ರಾಜ್ಯದ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೀಟಿನ ಹಣ ಬೇಕಿಲ್ಲ. ಹಣದ ಅಡ್ಡಿ ಹೋಯಿತು, ಹೊತ್ತಿನ ಅಡ್ಡಿ ಉಳಿಯಿತು. ಪಂದ್ಯ ಎಷ್ಟು ಗಂಟೆಗೆ ಮುಗಿಯುತ್ತದೆ, ಊರಿನ ಕೊನೆಯ ಬಸ್ಸು ಎಷ್ಟು ಗಂಟೆಗೆ ಎಂಬ ಎರಡು ಪ್ರಶ್ನೆಗಳಿಗೆ ಮನೆಯಲ್ಲಿ ಉತ್ತರ ಹೇಳಲಾಗದ ಹುಡುಗಿ ಮೈದಾನಕ್ಕೆ ಬರುವುದಿಲ್ಲ. ಕಿಲೋಮೀಟರಿನಲ್ಲಿ ಅಳೆದು ಮಾಡಿದ ಗುಂಪಿಗಿಂತ ಈ ಎರಡು ಪ್ರಶ್ನೆಗಳನ್ನು ಮುಂದಿಟ್ಟುಕೊಂಡು ಮಾಡಿದ ಗುಂಪೇ ನ್ಯಾಯವಾದದ್ದು ಎಂದು ನನ್ನ ಅಭಿಪ್ರಾಯ. ಮೊದಲ ಸುತ್ತು ತಮ್ಮ ದಾರಿಯಲ್ಲೇ ನಡೆದರೆ, ಬಾರದೆ ಉಳಿದ ಆ ಖೋಖೋ ತಂಡ ಬಂದೀತು.

ದಿನಗಳನ್ನು ಗೊತ್ತುಮಾಡುವಾಗಲೂ ನೆಲದ ನಡತೆಯನ್ನು ಗಮನಿಸಬೇಕು. ಭೀಮೆ ತುಂಬಿ ಬಂದಾಗ ಅಫಜಲಪುರ, ಜೇವರ್ಗಿಯ ನದಿತೀರದ ಊರುಗಳ ಪಾಡು ಏನಾಗುತ್ತದೆಂಬುದನ್ನು 2020ರ ಅಕ್ಟೋಬರಿನ ಪ್ರವಾಹದಲ್ಲಿ ಕಂಡಿದ್ದೇವೆ. ಡಿಸೆಂಬರ್ ಹೊತ್ತಿಗೆ ತೊಗರಿಯ ರಾಶಿ ಆರಂಭವಾಗುತ್ತದೆ. ಆಗ ಮನೆಯಲ್ಲಿ ಗಟ್ಟಿಮುಟ್ಟಾದ ಹುಡುಗ ಹೊಲಕ್ಕೆ ಬೇಕು, ಅಂಗಳಕ್ಕಲ್ಲ. ಪರೀಕ್ಷೆಯ ವೇಳಾಪಟ್ಟಿ ಅನುಮತಿಸಿದರೆ ನೆರೆ ಇಳಿದು ರಾಶಿಗೆ ಮೊದಲು ಬರುವ ನವೆಂಬರಿನ ದಿನಗಳೇ ಈ ಮೂರು ತಾಲೂಕುಗಳಿಗೆ ಹೊಂದುವಂಥವು.

ಕೊನೆಯದಾಗಿ ಗೋಡೆಯಾಚೆಯ ನೆರೆಯವರ ಮಾತು. ಅಧಿಕೃತ ಪಂದ್ಯಗಳಲ್ಲಿ ಅಫಜಲಪುರ ಸಿಂದಗಿಯೊಡನೆ, ಜೇವರ್ಗಿ ಶಹಾಪುರದೊಡನೆ, ಆಳಂದ ಉಮರ್ಗಾದೊಡನೆ ಆಡಲು ಈಗ ದಾರಿಯಿಲ್ಲ. ಆದರೆ ಸ್ನೇಹಪಂದ್ಯಕ್ಕೆ ಬೇಕಾದದ್ದು ಎರಡು ಕಾಲೇಜುಗಳ ಪ್ರಾಚಾರ್ಯರ ಒಪ್ಪಿಗೆ ಮತ್ತು ಒಂದು ಭಾನುವಾರ. ಅಲ್ಲಿ ಗೆದ್ದರೆ ಕಪ್ಪಿಲ್ಲ ನಿಜ. ಆದರೆ ಅಂತರ ಕಾಲೇಜು ಪಂದ್ಯಕ್ಕೆ ಬರುವ ಮೊದಲೇ ಎದೆ ಹೊಡೆದುಕೊಳ್ಳುವ ಆ ಮೊದಲನೆಯ ಪಂದ್ಯ ಅಲ್ಲಿ ಮುಗಿದಿರುತ್ತದೆ!

‘ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು’ ಎಂಬ ಗಾದೆ ನಮ್ಮಲ್ಲಿ ಹಳೆಯದು. ದೂರ ಒಂದು ಕಡೆ ಎಳೆಯುತ್ತದೆ, ಬಲ ಇನ್ನೊಂದು ಕಡೆ. ಹಣ ಒಂದು ಕಡೆ, ಹಳೆಯ ಸ್ನೇಹ ಇನ್ನೊಂದು ಕಡೆ. ಎಲ್ಲವನ್ನೂ ತೃಪ್ತಿಪಡಿಸುವ ಗುಂಪು ಜಗತ್ತಿನಲ್ಲಿ ಯಾರಿಗೂ ಸಿಕ್ಕಿಲ್ಲ ಎಂಬುದನ್ನು ಮೇಲಿನ ನಿದರ್ಶನಗಳು ತೋರಿಸುತ್ತವೆ. ಆದುದರಿಂದ ನಾವು ಒಂದು ಅಳತೆಯನ್ನು ಎಲ್ಲಕ್ಕಿಂತ ಮೇಲೆ ಇಟ್ಟುಕೊಳ್ಳಬೇಕು. ನನ್ನ ಮಟ್ಟಿಗೆ ಆ ಅಳತೆ ಇಷ್ಟೆ: ಅತ್ಯಂತ ದೂರದ, ಅತ್ಯಂತ ಸಣ್ಣ ಕಾಲೇಜಿನ ತಂಡ ಎರಡು ಪಂದ್ಯವಾಡಿ, ಅದೇ ರಾತ್ರಿ ಮನೆಯ ಊಟ ಮಾಡುವಂತಿರಬೇಕು. ಅದಕ್ಕೆ ಹೊಂದುವ ಗುಂಪು ಒಳ್ಳೆಯ ಗುಂಪು, ಹೊಂದದ್ದು ಕಾಗದದ ಮೇಲೆ ಎಷ್ಟು ಅಂದವಾಗಿದ್ದರೂ ಒಳ್ಳೆಯದಲ್ಲ.

ಈ ವಿಷಯದಲ್ಲಿ ನನಗಿಂತ ಹೆಚ್ಚು ಬಲ್ಲ ಅಧ್ಯಾಪಕರೂ ದೈಹಿಕ ಶಿಕ್ಷಣ ನಿರ್ದೇಶಕರೂ ಇದ್ದಾರೆ. ನನ್ನ ಲೆಕ್ಕದಲ್ಲಿ ತಪ್ಪಿದ್ದರೆ ಅವರು ತಿದ್ದಬೇಕೆಂದು ಪ್ರಾರ್ಥಿಸುತ್ತೇನೆ. ಮುಂದಿನ ವರ್ಷ ನಮ್ಮ ತಂಡ ಅಫಜಲಪುರದ ದಾರಿ ಹಿಡಿದು ಆಡಲು ಹೋಗುವಂತಾದರೆ ನನ್ನ ಚಿಕ್ಕಪ್ಪನ ಮಗ ತನ್ನೂರಿನ ಅಂಗಳದಲ್ಲಿ ನಮಗಾಗಿ ಕಾದಿರುತ್ತಾನೆ. ಸೋತವರಿಗೆ ಜೋಳದ ರೊಟ್ಟಿ, ಶೇಂಗಾ ಹಿಂಡಿ ತಾನೇ ಕೊಡುವುದಾಗಿ ಅವನು ಈಗಲೇ ಹೇಳಿಕಳುಹಿಸಿದ್ದಾನೆ.